ಅಂಗಳದ ಉಗಿಬಂಡಿ

ನಮ್ಮ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ರೈಲು ಬರುತ್ತಿತ್ತೆಂದು ಹೇಳಿದರೆ ತರಗತಿಯಲ್ಲಿ ಕುಳಿತ ಹುಡುಗರು ಮುಸಿಮುಸಿ ನಗುತ್ತಾರೆ. ಅವರ ನಗೆಗೆ ಕಾರಣವಿಲ್ಲದಿಲ್ಲ. ಶಿವಮೊಗ್ಗೆಯಿಂದ ಹೊರಟು, ಕಾಡು ದಾಟಿ, ಮುತ್ತಿನಕೊಪ್ಪದ ಮೇಲಾಗಿ ಬರುವ ಬಸ್ಸನ್ನಲ್ಲದೆ ಅವರ ತಂದೆತಾಯಿಗಳೂ ಬೇರೆ ಸಾರಿಗೆಯನ್ನು ಕಂಡವರಲ್ಲ. ಆದರೆ ಮಾತು ಸುಳ್ಳಲ್ಲ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲುಹಾದಿ ತೆರೆಯಿತು. ಅನಂತರ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ಎಡೇಹಳ್ಳಿಯೆಂಬ ಹಳೆಯ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದುಕೊಂಡ ದಿನಗಳಲ್ಲಿ, ಆ ಹಾದಿಯ ತರೀಕೆರೆಯಿಂದ ಕವಲೊಡೆದು ಲಕ್ಕವಳ್ಳಿಯ ಕಡೆಯಿಂದ ನಮ್ಮಲ್ಲಿಗೆ ಒಂದು ಪುಟ್ಟ ರೈಲು ಬಂದಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಎದ್ದಮೇಲೆ ಆ ಹಾದಿಯ ನೆಲ ಹಿನ್ನೀರಿನ ಪಾಲಾಯಿತು. ನಮ್ಮ ತಾಲ್ಲೂಕಿಗೆ ಮತ್ತೆ ರೈಲು ಬರಲಿಲ್ಲ.

ನನ್ನ ಅಜ್ಜ ಹುಡುಗನಾಗಿದ್ದಾಗ ಆ ರೈಲಿನಲ್ಲಿ ಕುಳಿತಿದ್ದರಂತೆ. ಅದರ ವಿಷಯವಾಗಿ ಅವರು ಹೇಳುತ್ತಿದ್ದ ಮಾತು ಒಂದೇ: “ಎರಡು ಮೊಳ ಅಗಲದ ಹಳಿ ಮೇಲೆ ಕೂತ್ಕೊಂಡು ಕಾಡೆಲ್ಲ ಸುತ್ತಿ ಬಂದ್ವಿ ಮಾರಾಯ.” ಅಜ್ಜನ ಮೊಳ ತುಸು ಉದಾರವಾದದ್ದು. ಆ ಹಳಿಗಳ ನಡುವಣ ಅಂತರ ಎರಡೇ ಅಡಿ. ಡಾರ್ಜಿಲಿಂಗಿನ ಬೆಟ್ಟವನ್ನು 1881ರಿಂದ ಹತ್ತುತ್ತಿರುವ ರೈಲಿನದೂ ಅದೇ ಅಳತೆ. ಈ ಎರಡು ಅಡಿಯ ಸಂಗತಿಯೇ, ಪಂಪ ರನ್ನರನ್ನು ಪಾಠ ಹೇಳಿಕೊಂಡು ಇರಬೇಕಾದ ನನ್ನನ್ನು ತಾಮ್ರ, ಹಿತ್ತಾಳೆ, ಅರ, ಇಕ್ಕಳಗಳ ಕಡೆಗೆ ಎಳೆದು ತಂದಿತು.

ಅದು ಹೇಗೆಂದರೆ: ಉಗಿಬಂಡಿಯ ಮಾದರಿಗಳನ್ನು ಮನೆಯಲ್ಲೇ ಮಾಡುವವರು ಲೋಕದ ನಾನಾ ದೇಶಗಳಲ್ಲಿದ್ದಾರೆ. ಇವು ಗಾಜಿನ ಕಪಾಟಿನಲ್ಲಿಡುವ ಬೊಂಬೆಗಳಲ್ಲ. ಒಳಗೆ ನಿಜವಾದ ನೀರು, ನಿಜವಾದ ಬೆಂಕಿ. ನಿಜವಾದ ಉಗಿಯೇ ಗಾಲಿಯನ್ನು ತಿರುಗಿಸಬೇಕು. ಇವರಲ್ಲಿ ಬಳಕೆಗೆ ಬಂದಿರುವ ಅಳತೆಗಳು ಹಲವು. ಅವುಗಳಲ್ಲೊಂದು, ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರು ಎಂಬ ಲೆಕ್ಕ. ಎಂದರೆ ಹತ್ತೊಂಬತ್ತರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಎರಡು ಅಡಿಯ ಹಳಿ ಸರಿಯಾಗಿ 32 ಮಿಲಿಮೀಟರಿಗೆ ಇಳಿಯುತ್ತದೆ. ಹಳೆಯ ಆಟಿಕೆ ರೈಲುಗಳ ಹಳಿಯ ಅಂತರವೂ ಅಷ್ಟೇ. ನರಸಿಂಹರಾಜಪುರಕ್ಕೆ ಬಂದಂಥ ಹಾದಿಯನ್ನು ನಮ್ಮ ಮನೆಯ ಅಡಕೆ ಒಣಗಿಸುವ ಅಂಗಳದಲ್ಲಿ ಹಾಸಬಹುದೆಂದು ಹೊಳೆದದ್ದು ಈ ಲೆಕ್ಕವನ್ನು ಓದಿದಾಗಲೇ.

ಇದು ಮಕ್ಕಳಾಟವೆಂದು ಮೂಗು ಮುರಿಯುವವರಿಗೆ ಒಂದು ಮಾತು. ಸಣ್ಣ ಉಗಿಬಂಡಿ ದೊಡ್ಡದರ ಮಗುವಲ್ಲ, ತಾಯಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ರೆಡ್‌ರೂತ್ ಎಂಬ ಊರಿನಲ್ಲಿ ವಿಲಿಯಂ ಮರ್ಡಾಕ್ ಎಂಬಾತ 1784ರಲ್ಲಿ ಸ್ಪಿರಿಟ್ ದೀಪದ ಮೇಲೆ ನಡೆಯುವ ಮೂರು ಗಾಲಿಯ ಪುಟ್ಟ ಬಂಡಿಯೊಂದನ್ನು ಮಾಡಿದ. ಒಂದು ರಾತ್ರಿ ಅದನ್ನು ಬೀದಿಯಲ್ಲಿ ಓಡಿಸಿ ನೋಡುತ್ತಿರುವಾಗ ಎದುರಿಗೆ ಬಂದ ಪಾದ್ರಿಗಳು, ಬುಸುಗುಟ್ಟುತ್ತ ಕಿಡಿಕಾರುವ ಈ ವಸ್ತುವನ್ನು ಕಂಡು ಸೈತಾನನೇ ಬಂದನೆಂದು ಬೊಬ್ಬಿಟ್ಟರೆಂದು ಒಂದು ಕಥೆಯೂ ಇದೆ. ಅದೇ ಸೀಮೆಯ ರಿಚರ್ಡ್ ಟ್ರೆವಿಥಿಕ್ ಮೊದಲು ಸಣ್ಣ ಮಾದರಿಗಳನ್ನೇ ಮಾಡಿ ನೋಡಿ, ಆಮೇಲೆ 1801ರಲ್ಲಿ ರಸ್ತೆಯ ಮೇಲೂ 1804ರಲ್ಲಿ ಹಳಿಯ ಮೇಲೂ ದೊಡ್ಡದನ್ನು ಓಡಿಸಿದ.

ಜಪಾನಿನ ಕಥೆ ಇನ್ನೂ ಸ್ವಾರಸ್ಯವಾದುದು. 1854ರಲ್ಲಿ ಅಮೆರಿಕದ ಕಮೋಡೋರ್ ಪೆರಿ ಯೊಕೊಹಾಮಾದ ಕಡಲತೀರದಲ್ಲಿ ಕಾಲು ಅಳತೆಯ ಉಗಿಬಂಡಿಯೊಂದನ್ನು ವೃತ್ತಾಕಾರದ ಹಳಿಯ ಮೇಲೆ ಓಡಿಸಿ ತೋರಿಸಿದ. ಒಳಗೆ ಕೂರಲು ಸ್ಥಳವಿಲ್ಲದ್ದರಿಂದ ಒಬ್ಬ ಅಧಿಕಾರಿ ಗಾಡಿಯ ಮಾಡಿನ ಮೇಲೇ ಕುಳಿತು, ನಿಲುವಂಗಿ ಗಾಳಿಗೆ ಹಾರುತ್ತಿರಲು ಸುತ್ತು ಹೊಡೆದನಂತೆ. ಅದಕ್ಕೂ ಒಂದು ವರ್ಷ ಮುಂಚೆ ರಷ್ಯನರು ನಾಗಸಾಕಿಯಲ್ಲಿ ಇನ್ನೊಂದು ಮಾದರಿಯನ್ನು ತೋರಿಸಿದ್ದರು. ಅದನ್ನು ಕಂಡುಹೋದ ಸಾಗಾ ಪ್ರಾಂತದವರು ಸುಮ್ಮನಿರಲಿಲ್ಲ. ಕೀಲುಬೊಂಬೆಗಳನ್ನೂ ಗಡಿಯಾರಗಳನ್ನೂ ಮಾಡುವುದರಲ್ಲಿ ಹೆಸರಾಗಿದ್ದ ತನಾಕಾ ಹಿಸಾಶಿಗೆ ಎಂಬ ಕುಶಲಿಯೂ ಅವರೊಡನಿದ್ದ. 1855ರಲ್ಲಿ ಅವರು ತಾವೇ ಒಂದು ಪುಟ್ಟ ಉಗಿಬಂಡಿಯನ್ನು ಮಾಡಿ ಓಡಿಸಿದರು. ಜಪಾನೀಯರು ಮಾಡಿದ ಮೊದಲ ಉಗಿಬಂಡಿ ಅದೇ. ಆ ದೇಶದಲ್ಲಿ ದೊಡ್ಡ ರೈಲು ಓಡಿದ್ದು 1872ರಲ್ಲಿ. ಇದೇ ತನಾಕಾ 1875ರಲ್ಲಿ ಟೋಕಿಯೋದಲ್ಲಿ ತೆರೆದ ಕಾರ್ಯಾಗಾರ ಮುಂದೆ ಬೆಳೆದು ತೋಶಿಬಾ ಆಯಿತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಆ ದೇಶದ ಏಳಿಗೆಯನ್ನು ಕಣ್ಣಾರೆ ಕಂಡು ಬಂದವರು. ಬೊಂಬೆ ಮಾಡುವ ಕೈಗಳೇ ಅಲ್ಲಿ ಯಂತ್ರವನ್ನೂ ಮಾಡಿದುವು. ನಮ್ಮಲ್ಲಿ ಯಂತ್ರಗಳು ಹಡಗಿನಲ್ಲಿ ಬಂದುವು. ಈ ವ್ಯತ್ಯಾಸವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಎಂಜಿನಿನ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿರುವ ನಮ್ಮ ಬಂಧುವೊಬ್ಬರು ಊರಿಗೆ ಬಂದಾಗ, ಯಾರೋ ಬಳಸಿ ಬಿಟ್ಟಿದ್ದ ನಾಲ್ಕು ಗಾಲಿಯ ಆಟಿಕೆ ಉಗಿಬಂಡಿಯೊಂದನ್ನು ತಂದುಕೊಟ್ಟರು. ಹಿತ್ತಾಳೆಯ ಬಾಯ್ಲರು, ಕೆಳಗೆ ಗಟ್ಟಿ ಇಂಧನದ ಬಿಲ್ಲೆಗಳನ್ನು ಉರಿಸುವ ತಟ್ಟೆ, ಎರಡು ಪಕ್ಕಗಳಲ್ಲಿ ತೂಗಾಡುವ ಎರಡು ಸಿಲಿಂಡರು. ಈ ತೂಗಾಟವನ್ನು ಸ್ವಲ್ಪ ವಿವರಿಸಬೇಕು. ದೊಡ್ಡ ಎಂಜಿನಿನಲ್ಲಿ ಉಗಿಯನ್ನು ಒಳಗೆ ಬಿಡಲು, ಹೊರಗೆ ಕಳಿಸಲು ಬೇರೆಯೇ ಒಂದು ಕವಾಟ, ಅದನ್ನು ಆಡಿಸಲು ಸರಳುಗಳ ಒಂದು ಸಂಸಾರ ಇರುತ್ತದೆ. ಆಟಿಕೆಯಲ್ಲಿ ಅದೊಂದೂ ಇಲ್ಲ. ಸಿಲಿಂಡರೇ ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ; ಅದರ ಮೈಯ ರಂಧ್ರ ಒಮ್ಮೆ ಉಗಿಯ ರಂಧ್ರದ ಎದುರಿಗೂ ಇನ್ನೊಮ್ಮೆ ಹೊರದಾರಿಯ ಎದುರಿಗೂ ಬಂದು ನಿಲ್ಲುತ್ತದೆ. ಇದಕ್ಕಿಂತ ಸರಳವಾದ ಉಪಾಯವನ್ನು ಯಾರೂ ಯೋಚಿಸಲಾರರು.

ಇಂಥ ಆಟಿಕೆಗಳು ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆದುದರಿಂದಲೇ ಅವನ್ನು ತಿದ್ದುವುದು ಒಂದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಬಿಲ್ಲೆಯ ಬದಲು ಬತ್ತಿಯ ಸ್ಪಿರಿಟ್ ದೀಪ, ಅದೂ ಸಾಲದಿದ್ದರೆ ಬ್ಯುಟೇನ್ ಅನಿಲದ ಉರಿ. ಸಡಿಲವಾದ ಪಿಸ್ಟನ್ನಿಗೆ ಬಿಗಿಯಾದ ಕಟ್ಟು. ಸಿಲಿಂಡರಿಗೆ ಎಣ್ಣೆ ಉಣಿಸುವ ಸಾಧನ. ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗಿ, ಎರಡು ವರ್ಷಗಳಲ್ಲಿ ನನ್ನ ಎಂಜಿನಿನಲ್ಲಿ ಮೂಲದ ಚೌಕಟ್ಟೂ ಗಾಲಿಗಳೂ ಮಾತ್ರ ಉಳಿದುವು. ಕಾವು ಬದಲಾಗಿ, ಅಲಗು ಬದಲಾಗಿ, ಆದರೂ ಅಜ್ಜನ ಕಾಲದ್ದೇ ಎನಿಸಿಕೊಳ್ಳುವ ಕೊಡಲಿಯ ಕಥೆಯಂತಾಯಿತು.

ಎಣ್ಣೆಯ ಸಾಧನವನ್ನು ಹೊಗಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬೆರಳಿನ ಗಾತ್ರದ ಮುಚ್ಚಿದ ಹಿತ್ತಾಳೆಯ ಕುಡಿಕೆ. ಅದರೊಳಗೆ ದಪ್ಪ ಎಣ್ಣೆ. ಉಗಿಯ ಕೊಳವೆ ಅದರ ಮೇಲ್ಭಾಗದಲ್ಲಿ ಹಾದುಹೋಗುತ್ತದೆ. ಆ ಕೊಳವೆಗೆ ಸೂಜಿಮೊನೆಯಷ್ಟು ರಂಧ್ರ. ಅಷ್ಟೇ. ಪಂಪಿಲ್ಲ, ಚಕ್ರವಿಲ್ಲ, ಚಲಿಸುವ ಒಂದು ಭಾಗವೂ ಇಲ್ಲ. ರಂಧ್ರದ ಮೂಲಕ ಒಳಗೆ ಬಂದ ತುಸು ಉಗಿ ತಣಿದು ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರ, ಅದು ತಳಕ್ಕಿಳಿಯುತ್ತದೆ. ತಳದಲ್ಲಿ ಒಂದು ಹನಿ ನೀರು ಸೇರಿತೆಂದರೆ ಮೇಲಿನಿಂದ ಒಂದು ಹನಿ ಎಣ್ಣೆ ಹೊರಕ್ಕೆ ಹೋಗಲೇಬೇಕು. ಅದು ಉಗಿಯೊಡನೆ ಸಿಲಿಂಡರಿಗೆ ಸೇರುತ್ತದೆ. ಓಟ ಮುಗಿದ ಮೇಲೆ ಕುಡಿಕೆಯ ತುಂಬ ನೀರೇ. ನನ್ನ ಮನೆಯಾಕೆಗೆ ಈ ಹವ್ಯಾಸದಲ್ಲಿ ಮೆಚ್ಚಿಗೆಯಾದದ್ದು ಇದೊಂದೇ. “ದೀಪದ ಎಣ್ಣೆಗೆ ನೀರು ಬಿದ್ರೆ ಏನಾಗತ್ತೆ ಅಂತ ನಮಗೆ ಮೊದ್ಲೇ ಗೊತ್ತಿತ್ತು” ಎಂದಳು.

ಸಣ್ಣದನ್ನು ಮಾಡುವುದೆಂದರೆ ದೊಡ್ಡದರ ಅಳತೆಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸಿಬಿಡುವುದೆಂದು ಹೊರಗಿನವರು ತಿಳಿಯುತ್ತಾರೆ. ಕಷ್ಟ ಪ್ರಾರಂಭವಾಗುವುದೇ ಅಲ್ಲಿ. ನೋಟವನ್ನು ಭಾಗಿಸಬಹುದು, ಗುಣವನ್ನು ಭಾಗಿಸಲಾಗದು. ಉದ್ದ ಹತ್ತೊಂಬತ್ತರಲ್ಲೊಂದಾದರೆ ಮೈಯ ಹರವು 361ರಲ್ಲಿ ಒಂದಾಗುತ್ತದೆ. ಒಳಗಿನ ನೀರು 6,859ರಲ್ಲಿ ಒಂದಾಗುತ್ತದೆ. 1,500 ಲೀಟರು ನೀರು ಹಿಡಿಯುವ ಎಂಜಿನನ್ನು ಹೀಗೆ ಕುಗ್ಗಿಸಿದರೆ ಉಳಿಯುವುದು ಒಂದು ದೊಡ್ಡ ಲೋಟದಷ್ಟು, ಕಾಲು ಲೀಟರಿಗೂ ಕಡಿಮೆ. ಆದರೆ ಆ ಲೋಟದ ನೀರಿಗೆ, ಅದರ ಪ್ರಮಾಣಕ್ಕೆ ಹೋಲಿಸಿದರೆ, ಶಾಖವನ್ನು ಕಳೆದುಕೊಳ್ಳುವ ಮೈ ದೊಡ್ಡದಕ್ಕಿಂತ ಹತ್ತೊಂಬತ್ತು ಪಟ್ಟು. ಕಡಾಯಿಯ ಪಾಯಸ ಅರ್ಧ ದಿನ ಬಿಸಿಯಾಗಿರುತ್ತದೆ, ಬಟ್ಟಲಿನದು ಊದುವಷ್ಟರಲ್ಲಿ ಆರುತ್ತದೆ, ಅದೇ ನ್ಯಾಯ. ಆದುದರಿಂದ ಬಾಯ್ಲರಿಗೆ ಕಂಬಳಿ ಹೊದಿಸಬೇಕು, ಉರಿಯನ್ನು ಹೆಚ್ಚಿಸಬೇಕು. ಇನ್ನು ದೊಡ್ಡ ಬಾಯ್ಲರಿನೊಳಗೆ ಬೆಂಕಿಯ ಬಿಸಿಗಾಳಿ ಹಾಯುವ ಕೊಳವೆಗಳಿರುತ್ತವೆ. 50 ಮಿಲಿಮೀಟರಿನ ಕೊಳವೆಯನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಎರಡೂವರೆ ಮಿಲಿಮೀಟರು ಚಿಲ್ಲರೆ. ಅದರಲ್ಲಿ ಬಿಸಿಗಾಳಿ ಹಾಯುವುದು ಸುಲಭವಲ್ಲ. ಹಾಗಾಗಿ ನೂರು ಕೊಳವೆಗಳನ್ನು ಬಿಟ್ಟು ಒಂದೇ ಒಂದು ದಪ್ಪ ಕೊಳವೆಯನ್ನಿಟ್ಟು ಅದರೊಳಗೇ ಉರಿ ಹಾಕುವುದು ಜಾಣತನ. ಹೊರಗಿನಿಂದ ನೋಡಿದರೆ ಅದೇ ಬಂಡಿ. ಒಳಗೆ ಬೇರೆಯೇ ಯಂತ್ರ.

ಕನ್ನಡದ ಮೇಷ್ಟರಿಗೆ ಇದು ಹೊಸ ವಿಷಯವಾಗಬೇಕಾಗಿಲ್ಲ. ವ್ಯಾಸರ ಭಾರತವನ್ನು ಹದಿನಾಲ್ಕು ಆಶ್ವಾಸಗಳಿಗೆ ಇಳಿಸಿದ ಪಂಪ, ಹದಿನೆಂಟು ಪರ್ವಗಳನ್ನು ಒಂದೇ ಸಮನಾಗಿ ಹಿಂಡಿದವನಲ್ಲ. ಅರ್ಜುನನನ್ನು ನಡುವೆ ನಿಲ್ಲಿಸಿದ. ದ್ರೌಪದಿಯನ್ನು ಅವನೊಬ್ಬನಿಗೇ ಮದುವೆ ಮಾಡಿಸಿದ. ಆ ಗಾತ್ರದಲ್ಲಿ ಕಥೆ ನಡೆಯಬೇಕಾದರೆ ಒಳಗಿನ ಕೀಲುಗಳು ಬದಲಾಗಲೇಬೇಕಿತ್ತು. ಈ ಹೋಲಿಕೆಯನ್ನು ವಿದ್ಯಾರ್ಥಿಗಳ ಮುಂದೆ ಹೇಳಿದಾಗ ಹಿಂದಿನ ಬೆಂಚಿನವನೊಬ್ಬ “ಸಾರ್, ಪಂಪನ ಬಾಯ್ಲರಿಗೆ ಎಷ್ಟು ಕೊಳವೆ?” ಎಂದು ಕೇಳಿದ. ಪಾಠ ಅಲ್ಲಿಗೆ ನಿಂತಿತು.

ಇದೇ ವಿಷಯದ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ವಾಗ್ವಾದ ನಡೆದಿದೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬವರು ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಅದರಲ್ಲಿ 1920ರ ದಶಕದಿಂದ ‘ಎಲ್‌ಬಿಎಸ್‌ಸಿ’ ಎಂಬ ಅಂಕಿತದಲ್ಲಿ ಒಬ್ಬರು ದಶಕಗಳ ಕಾಲ ಬರೆದರು. ಅದು ಅವರು ಹಿಂದೆ ದುಡಿದಿದ್ದ ರೈಲ್ವೆ ಕಂಪನಿಯ ಮೊದಲಕ್ಷರಗಳು. ಸಣ್ಣ ಎಂಜಿನಿಗೆ ಸ್ಪಿರಿಟ್ ದೀಪವೇ ಸಾಕು, ಕಲ್ಲಿದ್ದಲು ಉರಿಸಿ ನಿಜವಾದ ಕೆಲಸ ಮಾಡಿಸುವುದು ಆಗದ ಮಾತು ಎಂದು ದೊಡ್ಡ ಹೆಸರಿನವರು ವಾದಿಸುತ್ತಿದ್ದಾಗ, ಈತ ಎರಡೂವರೆ ಅಂಗುಲದ ಹಳಿಯ ಮೇಲೆ ಓಡುವ ‘ಆಯೆಷಾ’ ಎಂಬ ಎಂಜಿನನ್ನು ತಂದು, ಅದು ಮನುಷ್ಯರನ್ನು ಎಳೆದುಕೊಂಡು ಹೋಗುವುದನ್ನು ತೋರಿಸಿಬಿಟ್ಟರು. ಬಾಯ್ಲರಿನ ಒಳಗನ್ನು ಅಳತೆಗೆ ಕಟ್ಟುಬೀಳದೆ ತಮ್ಮ ತಿಳಿವಳಿಕೆಯಂತೆ ಕಟ್ಟಿದ್ದರಲ್ಲಿಯೇ ಅವರ ಗುಟ್ಟಿತ್ತು. 1967ರಲ್ಲಿ ತೀರಿಕೊಳ್ಳುವವರೆಗೂ ಅವರ ಓದುಗರು ಬಹುಮಟ್ಟಿಗೆ ಕೂಲಿಕಾರರು, ಗುಮಾಸ್ತರು, ಅಂಗಡಿಯವರು. ಪದವೀಧರರಿಗಲ್ಲ, ಪಕ್ಕದ ಮನೆಯವನಿಗೆ ಹೇಳಿದಂತೆ ಬರೆದರು. ನಮ್ಮಲ್ಲಿ ತಂತ್ರವಿದ್ಯೆಯನ್ನು ಕನ್ನಡದಲ್ಲಿ ಬರೆಯಹೊರಟವರು ಮೊದಲು ಪಾರಿಭಾಷಿಕ ಪದಕೋಶವನ್ನು ಹುಡುಕುತ್ತಾರೆ. ಪಕ್ಕದ ಮನೆಯವನನ್ನು ಮರೆತುಬಿಡುತ್ತಾರೆ.

ನನ್ನ ಪಕ್ಕದ ಮನೆಯವರು ಯಾರೆಂದರೆ, ಪೇಟೆಯಲ್ಲಿ ಚಿನ್ನಬೆಳ್ಳಿಯ ಕೆಲಸ ಮಾಡುವ ಒಬ್ಬ ಆಚಾರ್ಯರು. ಆಟಿಕೆಯ ಬಾಯ್ಲರಿನಿಂದ ತೃಪ್ತಿಯಾಗದೆ ಹೊಸ ಬಾಯ್ಲರನ್ನು ಮಾಡಬೇಕೆಂದಾಗ ನನಗೆ ಇದ್ದ ಭಯ ಸಣ್ಣದಲ್ಲ. ಅದು ಸರಿಯಾದ ಭಯ. 50 ಮಿಲಿಮೀಟರು ವ್ಯಾಸದ, 130 ಮಿಲಿಮೀಟರು ಉದ್ದದ ತಾಮ್ರದ ಕೊಳವೆ. ಎರಡು ತುದಿಗೆ ಎರಡು ಬಿಲ್ಲೆ. ಒಳಗೆ ಚದರ ಅಂಗುಲಕ್ಕೆ 40 ಪೌಂಡಿನ ಉಗಿ. ಈ ಒತ್ತಡದಲ್ಲಿ ಅಂಗೈಯಲ್ಲಿ ಅಡಗುವ ಒಂದೊಂದು ಬಿಲ್ಲೆಯನ್ನೂ ಸುಮಾರು 55 ಕಿಲೋಗ್ರಾಮಿನಷ್ಟು ಬಲ ಹೊರಕ್ಕೆ ದೂಡುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಒಂದು ಕೂದಲೆಳೆಯ ಬೆಸುಗೆ. ಮೇಲಾಗಿ ಬಾಯ್ಲರಿನ ನೀರು ನೂರು ಡಿಗ್ರಿಯನ್ನು ಮೀರಿ ಸುಮಾರು 140 ಡಿಗ್ರಿ ಕಾದಿರುತ್ತದೆ. ಪಾತ್ರೆ ಬಿರಿದರೆ ಒತ್ತಡ ಇಳಿದ ಕ್ಷಣವೇ ಅದರಲ್ಲೊಂದು ಪಾಲು ತಟ್ಟನೆ ಉಗಿಯಾಗುತ್ತದೆ. ಒಂದು ಪಾಲು ನೀರು ಸುಮಾರು 1,600 ಪಾಲು ಉಗಿ. ಕಾರ್ಖಾನೆಯ ಬಾಯ್ಲರಿಗೆ ಕಾನೂನುಂಟು, ಇನ್‌ಸ್ಪೆಕ್ಟರುಂಟು. ಕಾಲು ಲೀಟರಿನ ಪಾತ್ರೆಯನ್ನು ಕೇಳಲು ನಮ್ಮೂರಿಗೆ ಯಾರು ಬರುತ್ತಾರೆ?

ಪಾತ್ರೆ ಅಂಗಡಿಯ ತವರ–ಸೀಸದ ಬೆಸುಗೆ ಇಲ್ಲಿಗೆ ಸಲ್ಲದು. ಅದು 183 ಡಿಗ್ರಿಗೇ ಕರಗತೊಡಗುತ್ತದೆ. ನೀರು ತುಸು ಕೆಳಗಿಳಿದು ಉರಿ ಬರಿಯ ತಾಮ್ರಕ್ಕೆ ತಗುಲಿದರೆ ಮುಗಿಯಿತು. ಬೆಳ್ಳಿ ಬೆರೆತ ಬೆಸುಗೆಯಾಗಬೇಕು; ಅದು ಕರಗಲು 600 ಡಿಗ್ರಿಗೂ ಮೇಲೆ ಕಾವು ಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಈ ವಿಧಾನವನ್ನು ಅಧ್ಯಾಯಗಟ್ಟಲೆ ಓದಿ, ಚಿತ್ರಗಳನ್ನು ನೋಡಿ, ಆಚಾರ್ಯರ ಬಳಿಗೆ ಹೋಗಿ ವಿವರಿಸಲು ಬಾಯಿ ತೆರೆದೆ. ಅವರು ಕೇಳಿಸಿಕೊಂಡು, ತಮ್ಮ ಪೆಟ್ಟಿಗೆಯಿಂದ ಒಂದು ಬಿಳಿಯ ಹರಳನ್ನು ತೆಗೆದು ನನ್ನ ಮುಂದಿಟ್ಟರು. ಬಿಳಿಗಾರ! ಪುಸ್ತಕದಲ್ಲಿ ಬೊರಾಕ್ಸ್ ಎಂದು ಓದಿದ್ದೆನಲ್ಲ, ಅದೇ ವಸ್ತು. “ಮೇಷ್ಟ್ರೇ, ಬೆಸುಗೆ ಅಂಟಿಸೋದಲ್ಲ, ಓಡ್ಸೋದು. ಬಿಳಿಗಾರ ಓಡಿದ ದಾರೀಲೇ ಬೆಳ್ಳಿ ಓಡತ್ತೆ. ಸಂದು ಜಾಸ್ತಿ ಅಗಲ ಇದ್ರೆ ಓಡಲ್ಲ, ಬಿಗಿಯಾಗಿದ್ರೂ ಓಡಲ್ಲ” ಎಂದರು. ನಾನು ಓದಿದ ಅಧ್ಯಾಯದ ಸಾರವೆಲ್ಲ ಇಷ್ಟೇ ಆಗಿತ್ತು.

ಕೆಲಸ ಮೂರು ವಾರ ನಡೆಯಿತು. ತಾಮ್ರದ ಕೊಳವೆಯನ್ನೂ ತಗಡನ್ನೂ ಶಿವಮೊಗ್ಗೆಯಿಂದ ತಂದೆ. ಬೀಟೆಯ ಹಳೆಯ ಕಾಲುಮಣೆಯ ತುಂಡೊಂದನ್ನು ಲೇತಿನಲ್ಲಿ ದುಂಡಗೆ ಕಡೆಸಿ, ಅದರ ಮೇಲೆ ತಗಡನ್ನಿಟ್ಟು ಸುತ್ತಿಗೆಯಿಂದ ಅಂಚನ್ನು ಮಡಿಸಿದೆವು. ನಾಲ್ಕು ಏಟಿಗೆ ತಾಮ್ರ ಬಿರುಸಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಸ್ವಭಾವ ಇದಕ್ಕೆ ನೇರ ವಿರುದ್ಧ. ಕೊಳಾಯಿಗಳನ್ನು ತಿರುಪುವ ಗಟ್ಟಿ ಬಳೆಗಳನ್ನು ಹಿತ್ತಾಳೆಯಿಂದ ಮಾಡಕೂಡದು, ಕಂಚಿನದೇ ಆಗಬೇಕು. ಏಕೆಂದರೆ ಹಿತ್ತಾಳೆಯೊಳಗಿನ ಸತುವನ್ನು ಬಿಸಿನೀರು ವರ್ಷಾಂತರದಲ್ಲಿ ತಿಂದುಹಾಕಿ ಉಳಿದದ್ದನ್ನು ಪುಡಿಪುಡಿ ಮಾಡುತ್ತದೆ. ಆಚಾರ್ಯರ ಊದುಕೊಳವೆಯ ಉರಿ ಈ ಕೆಲಸಕ್ಕೆ ಸಾಲಲಿಲ್ಲ. ತಾಮ್ರ ಒಂದು ಕಡೆ ಕಾಯಿಸಿದರೆ ಇನ್ನೊಂದು ಕಡೆಗೆ ಶಾಖವನ್ನು ಸಾಗಿಸಿಬಿಡುತ್ತದೆ. ಇಡೀ ಪಾತ್ರೆ ಒಮ್ಮೆಗೇ ಕೆಂಪಾಗಬೇಕು. ಇಟ್ಟಿಗೆಯ ಗೂಡು ಕಟ್ಟಿ, ಅನಿಲದ ದೊಡ್ಡ ಉರಿಯನ್ನು ತಂದೆವು. ಉಂಗುರ ಮೂಗುತಿಗಳ ಕೈಗೆ ಇದು ಭಾರಿ ಕೆಲಸ, ರೈಲಿನವರ ಕಣ್ಣಿಗೆ ಇರುವೆಯ ಕೆಲಸ. ಬೆಸುಗೆಯ ಮೇಲೆ ಉಳಿದ ಕರಿಯನ್ನು ತೆಗೆಯಲು ಅಲ್ಲಿನವರು ಸಿಟ್ರಿಕ್ ಆಮ್ಲವನ್ನು ಬಳಸುತ್ತಾರೆ. ನಮ್ಮಲ್ಲಿ ಹುಣಸೆಹುಳಿಯ ನೀರು ಒಲೆಯ ಮೇಲೇರಿತು.

ಪರೀಕ್ಷೆಯ ದಿನ ಬಂದಿತು. ಹೊಸ ಬಾಯ್ಲರನ್ನು ಉಗಿಯಿಂದ ಪರೀಕ್ಷಿಸುವುದು ಮೂರ್ಖತನ. ಗಾಳಿ ತುಂಬಿ ಪರೀಕ್ಷಿಸುವುದೂ ಅಷ್ಟೇ ಅಪಾಯ. ಒಳಗೆ ಗಾಳಿಯ ಗುಳ್ಳೆಯೂ ಉಳಿಯದಂತೆ ತಣ್ಣೀರನ್ನು ತುಂಬಿ, ಕೈಪಂಪಿನಿಂದ ಓಡಿಸುವ ಒತ್ತಡದ ಎರಡರಷ್ಟಕ್ಕೆ ಏರಿಸಬೇಕು. ನೀರು ಕುಗ್ಗುವುದಿಲ್ಲವಾದ್ದರಿಂದ ಪಾತ್ರೆ ಸೀಳಿದರೂ ಸಿಡಿಯುವುದಿಲ್ಲ, ಹನಿ ಜಿನುಗಿ ಸುಮ್ಮನಾಗುತ್ತದೆ. ಆಚಾರ್ಯರು ಅಂಗಡಿಯ ಬಾಗಿಲೆಳೆದು ನಮ್ಮ ಮನೆಗೆ ಬಂದರು. ಮುಳ್ಳು 40ಕ್ಕೆ ಬಂದಿತು, 60ಕ್ಕೆ ಬಂದಿತು. 70ರ ಹತ್ತಿರ ಕಂಚಿನ ಬಳೆಯೊಂದರ ಬುಡದಲ್ಲಿ ಸಾಸಿವೆಯಷ್ಟು ದೊಡ್ಡ ಹನಿ ಕಾಣಿಸಿತು. ಒರೆಸಿದೆವು. ಮತ್ತೆ ಕಾಣಿಸಿತು.

ಆ ಮನುಷ್ಯನ ಮುಖವನ್ನು ನಾನು ಮರೆಯಲಾರೆ. ನಲವತ್ತು ವರ್ಷ ಸರ, ಬಳೆ, ಡಾಬುಗಳಿಗೆ ಬೆಸುಗೆ ಹಾಕಿದ ಕೈ. ಆಭರಣದ ಬೆಸುಗೆ ಕಣ್ಣಿಗೆ ಕಾಣದಿದ್ದರೆ ಸಾಕು. ಅದರೊಳಗೆ ನೀರನ್ನು ತುಂಬಿ ಒತ್ತಿ ನೋಡಿದವರು ಯಾರೂ ಇಲ್ಲ. “ನನ್ನ ಬೆಸುಗೇಲಿ ನೀರು ಬರೋದಾ?” ಎಂದು ಒಮ್ಮೆ ಹೇಳಿದರು, ಮತ್ತೆ ಮಾತಾಡಲಿಲ್ಲ. ಇಷ್ಟಾದರೂ ನಡೆದದ್ದು ಅಪರೂಪದ್ದೇನಲ್ಲ, ಮೊದಲ ಪರೀಕ್ಷೆಯಲ್ಲಿ ಒಂದೆರಡು ಹನಿ ಎಲ್ಲರಿಗೂ ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಈಚಿನ ವರ್ಷಗಳಲ್ಲಿ ಜನ ಪಟ್ಟಣದ ದೊಡ್ಡ ಮಳಿಗೆಗಳಿಗೆ ಹೋಗಿ ಯಂತ್ರದಲ್ಲಿ ಎರಕವಾದ ಒಡವೆಗಳನ್ನು ತರುತ್ತಾರೆ. ಊರಿನ ಆಚಾರ್ಯರ ಪಾಲಿಗೆ ಬರುವುದು ಕಿತ್ತ ಕೊಂಡಿ, ಸವೆದ ತಿರುಪು. ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಆ ಒಂದು ಹನಿಯಲ್ಲಿ ಅವರು ಏನೇನು ಕಂಡರೋ!

ಮರುದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಬಾಯ್ಲರು ಗೂಡಿನಲ್ಲಿತ್ತು. ಇಡೀ ಪಾತ್ರೆಯನ್ನು ಮತ್ತೆ ಕೆಂಪಗೆ ಕಾಯಿಸಿ, ಆ ಬಳೆಯ ಸುತ್ತ ಮಾತ್ರ ಬಿಳಿಗಾರವನ್ನು ಹಚ್ಚಿ, ಕಡಿಮೆ ಕಾವಿಗೆ ಕರಗುವ ಇನ್ನೊಂದು ಬಗೆಯ ಬೆಳ್ಳಿಬೆಸುಗೆಯನ್ನು ಓಡಿಸಿದ್ದರು. ಮೊದಲ ಬೆಸುಗೆಗಳು ಕದಲದಂತೆ ಎರಡನೆಯದನ್ನು ಹಾಕುವ ಈ ಕ್ರಮ ಪುಸ್ತಕಗಳಲ್ಲೂ ಇದೆ. ಆದರೆ ಅವರು ಅದನ್ನು ಕಲಿತದ್ದು ತಂದೆಯಿಂದ, ಕಲ್ಲು ಕೂರಿಸುವ ಕೆಲಸದಲ್ಲಿ. ಸಂಜೆ ಪಂಪನ್ನು ಅವರೇ ಒತ್ತಿದರು. ಮುಳ್ಳು 80ಕ್ಕೆ ಹೋಗಿ ನಿಂತಿತು. ಕಾಲು ಗಂಟೆ ಕಾದೆವು. ಮುಳ್ಳು ಅಲ್ಲೇ ಇತ್ತು. ಅವರು ಬಾಯ್ಲರಿನ ತಳವನ್ನು ತಿರುಗಿಸಿ, ಚಾಣದ ಮೊನೆಯಿಂದ ತಮ್ಮ ಮನೆತನದ ಗುರುತನ್ನು ಕೊರೆದರು. ಒಡವೆಗಳ ಒಳಮೈಯಲ್ಲಿ ಹಾಕುವ ಗುರುತು ಅದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಮೊಬೈಲಿನಲ್ಲಿ ಯಾವುದೋ ಚಿತ್ರವನ್ನು ನೋಡಿ, ಖಾಲಿಯಾದ ಸುಗಂಧದ ಡಬ್ಬಿಯಲ್ಲಿ ನೀರು ಕುದಿಸಿ ಎಂಜಿನು ಓಡಿಸಬಹುದೇ ಎಂದು ನಮ್ಮ ಕಾಲೇಜಿನ ಹುಡುಗರಿಬ್ಬರು ಕೇಳಿದ್ದರು. ಡಬ್ಬಿಯೂ ಬೇಡ, ಯಾವುದೋ ಕಬ್ಬಿಣದ ಕೊಳವೆಯ ತುಂಡೂ ಬೇಡ. ಎಷ್ಟು ಒತ್ತಡವನ್ನು ತಡೆಯುತ್ತದೆಂದು ತಿಳಿಯದ ಪಾತ್ರೆಯ ಬಾಯಿ ಮುಚ್ಚಿ ಉರಿಯಿಡುವುದೆಂದರೆ ಸಿಡಿಗುಂಡನ್ನು ಒಲೆಯ ಮೇಲಿಟ್ಟಂತೆ. ಪರೀಕ್ಷೆಯಾದ ಪಾತ್ರೆ, ತನ್ನಷ್ಟಕ್ಕೆ ತೆರೆದುಕೊಳ್ಳುವ ರಕ್ಷಾಕವಾಟ, ಒಳಗೆ ಯಾವಾಗಲೂ ನೀರು, ಇವುಗಳಲ್ಲಿ ಒಂದಿಲ್ಲದಿದ್ದರೂ ಬೆಂಕಿಕಡ್ಡಿ ಗೀರಕೂಡದು. ಪ್ರೆಷರ್ ಕುಕ್ಕರಿನ ಮುಚ್ಚಳದ ಮೇಲಿನ ಸಣ್ಣ ರಕ್ಷಾಬಿರಡೆ ಏಕಿದೆಯೆಂದು ಆ ಹುಡುಗರಿಗೆ ಕೇಳಿದೆ. ಇಬ್ಬರಿಗೂ ತಿಳಿದಿರಲಿಲ್ಲ. ದಿನವೂ ಅನ್ನ ಅದರಲ್ಲೇ ಆಗುತ್ತದೆ.

ಮೊದಲ ಓಟಕ್ಕೆ ನೆರೆಹೊರೆಯವರೆಲ್ಲ ಬಂದಿದ್ದರು. ಅಂಗಳದಲ್ಲಿ ಅಂಡಾಕಾರದ ಹಳಿ. ಅದರ ಮೇಲೆ ಎಂಜಿನು, ಹಿಂದೆ ಮೂರು ಗಾಡಿ. ಉರಿ ಹೊತ್ತಿ ಐದಾರು ನಿಮಿಷಕ್ಕೆ ಮುಳ್ಳು ಮೇಲೇಳಿತು. 40ಕ್ಕೆ ಬರುತ್ತಲೇ ರಕ್ಷಾಕವಾಟ ಸುಯ್ಯೆಂದಿತು. ಬಿಟ್ಟ ಕೂಡಲೇ ಓಡಲಿಲ್ಲ. ತಣ್ಣಗಿರುವ ಸಿಲಿಂಡರಿಗೆ ನುಗ್ಗಿದ ಉಗಿ ನೀರಾಗಿ ಕುಳಿತುಬಿಡುತ್ತದೆ. ಕೈಯಿಂದ ನಾಲ್ಕಾರು ಸಲ ಮುಂದಕ್ಕೂ ಹಿಂದಕ್ಕೂ ದೂಡಿ ಆ ನೀರನ್ನು ಚಿಮಣಿಯಿಂದ ಉಗುಳಿಸಬೇಕು. ನೋಡುತ್ತಿದ್ದವರೊಬ್ಬರು “ನಮ್ಮ ಬಸ್ಸಿನ ಹಾಗೇ ಇದೆ ಮಾರಾಯ್ರೆ, ದೂಡ್ಬೇಕು” ಎಂದರು. ಅಷ್ಟರಲ್ಲಿ ಅದು ಕೈಬಿಡಿಸಿಕೊಂಡು ಹೊರಟಿತು. ಇಪ್ಪತ್ತು ನಿಮಿಷ ಸುತ್ತಿತು. ಬಿಸಿ ಎಣ್ಣೆ, ಹಬೆ, ಕಾದ ಬಣ್ಣ ಇವುಗಳ ವಾಸನೆ ಅಂಗಳದಲ್ಲಿ ಹರಡಿತು. ಭಾರತದಲ್ಲಿ ದೊಡ್ಡ ಹಳಿಯ ಕೊನೆಯ ಉಗಿ ಎಂಜಿನು ‘ಅಂತಿಮ್ ಸಿತಾರಾ’ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂದದ್ದು 1970ರಲ್ಲಿ. ನಮ್ಮ ಅಂಗಳದಲ್ಲಿ ನಿಂತಿದ್ದವರ ಪೈಕಿ ಐವತ್ತು ದಾಟಿದವರಿಗೆ ಮಾತ್ರ ಆ ವಾಸನೆಯ ಪರಿಚಯವಿದ್ದಿತು. ಅವರು ಮಾತು ನಿಲ್ಲಿಸಿದ್ದನ್ನು ಗಮನಿಸಿದೆ. ಮಕ್ಕಳು ಮಾತ್ರ ಕೂಗುತ್ತಿದ್ದುವು. ಆಚಾರ್ಯರು ಎಂಜಿನಿನ ಓಟವನ್ನು ನೋಡಲಿಲ್ಲ. ಪ್ರತಿ ಸುತ್ತಿನಲ್ಲೂ ಬಗ್ಗಿ ಆ ಒಂದು ಬಳೆಯ ಬುಡವನ್ನೇ ನೋಡುತ್ತಿದ್ದರು.

ಈಗ ಮಳೆಗಾಲದಲ್ಲಿ ಹಳಿ ಜಗಲಿಗೆ ಬಂದಿದೆ. ಮಳೆಯಿಂದ ಒಂದು ಲಾಭವೂ ಉಂಟು. ಗಡಸು ನೀರನ್ನು ಕುದಿಸಿದರೆ ಬಾಯ್ಲರಿನ ಒಳಮೈಗೆ ಸುಣ್ಣದ ಕರೆ ಕಟ್ಟಿ ಶಾಖವನ್ನು ತಡೆಯುತ್ತದೆ. ಬಯಲುಸೀಮೆಯ ಹವ್ಯಾಸಿಗಳು ಶುದ್ಧೀಕರಿಸಿದ ನೀರನ್ನು ಕೊಂಡು ತರಬೇಕು. ನಮಗೆ ಹಂಚಿನ ಅಂಚಿನಲ್ಲಿ ಕೊಡಪಾನವನ್ನಿಟ್ಟರೆ ಸಾಕು, ವರ್ಷಕ್ಕಾಗುವಷ್ಟು ಮೃದುವಾದ ನೀರು. ಓಡುತ್ತಿರುವಾಗಲೇ ಬಾಯ್ಲರಿಗೆ ನೀರನ್ನು ಒತ್ತುವ ಪುಟ್ಟ ಪಂಪೊಂದನ್ನು ಕೂಡಿಸಬೇಕೆಂದಿದ್ದೇವೆ. ಆಗ ಇಪ್ಪತ್ತು ನಿಮಿಷದ ಓಟ ಮುಕ್ಕಾಲು ಗಂಟೆಗೆ ಏರುತ್ತದೆ. ಪಂಪಿನೊಳಗಿನ ಕವಾಟಕ್ಕೆ ಮೂರು ಮಿಲಿಮೀಟರಿನ ಗೋಲಿಯೊಂದು ಕೂರಬೇಕು, ಅದರ ಪೀಠ ಹನಿಯೂ ಹಿಂದಕ್ಕೆ ಬಾರದಷ್ಟು ನಯವಾಗಿರಬೇಕು. ಆಚಾರ್ಯರು ಅದಕ್ಕೆ ಕಿವಿಯೋಲೆಯ ಮುತ್ತು ಕೂರಿಸುವ ಉಳಿಯೊಂದನ್ನು ಮಸೆದು ಇಟ್ಟುಕೊಂಡಿದ್ದಾರೆ. ಅಡಕೆ ಕೊಯ್ಲು ಪ್ರಾರಂಭವಾಗುವುದರೊಳಗೆ ಕೆಲಸ ಮುಗಿಸಬೇಕು. ಆಮೇಲೆ ಅಂಗಳವೂ ಜಗಲಿಯೂ ನಮ್ಮ ಕೈಯಲ್ಲಿರುವುದಿಲ್ಲ.